ಕೆಲಸದ ಬೋರ್ಡ್: ಗೋಡೆಯ ಮೇಲೋ, ಪರದೆಯ ಮೇಲೋ?

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಎತ್ತಿವೆ. ಅಜೈಲ್ ಪದ್ಧತಿಯಲ್ಲಿ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟುತ್ತ, ಆಗಾಗ ತಿದ್ದಿಕೊಳ್ಳುತ್ತ ಹೋಗುವ ಪದ್ಧತಿ) ಕೆಲಸ ಮಾಡುವ ತಂಡವು ತನ್ನ ಬೋರ್ಡನ್ನು, ಅಂದರೆ ಒಂದೊಂದು ಕೆಲಸವನ್ನು ಒಂದೊಂದು ಕಾರ್ಡಿನಲ್ಲಿ ಬರೆದು ಅದು ಯಾವ ಹಂತದಲ್ಲಿದೆ ಎಂದು ಕಾಲಂಗಳಲ್ಲಿ ತೋರಿಸುವ ಫಲಕವನ್ನು, ಗೋಡೆಗೆ ಚೀಟಿ ಅಂಟಿಸಿ ನಡೆಸಬೇಕೋ, ಸಾಫ್ಟ್‌ವೇರ್‌ನಲ್ಲಿ ನಡೆಸಬೇಕೋ ಎಂಬುದೇ ಆ ವಿಷಯ. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದೆ.

ಪ್ರಶ್ನೆ: ನಮ್ಮದು ಏಳು ಜನರ ತಂಡ. ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತೇವೆ, ಎರಡು ವಾರದ ಸ್ಪ್ರಿಂಟ್ (ನಿಗದಿತ ಅವಧಿಯ ಕೆಲಸದ ಸುತ್ತು) ನಡೆಸುತ್ತೇವೆ. ಒಂದೂವರೆ ವರ್ಷದಿಂದ ಸಾಫ್ಟ್‌ವೇರ್ ಬೋರ್ಡ್ ಬಳಸುತ್ತಿದ್ದೇವೆ. ಈಗ ಅದರಲ್ಲಿ ಒಂಬತ್ತು ಕಾಲಂಗಳೂ 140 ಕಾರ್ಡ್‌ಗಳೂ ಇವೆ. ಬೆಳಗಿನ ಸ್ಟ್ಯಾಂಡ್‌ಅಪ್ (ನಿಂತೇ ನಡೆಸುವ ಚಿಕ್ಕ ಸಭೆ) ಹೊತ್ತು ಬಿಟ್ಟರೆ ಅದನ್ನು ಯಾರೂ ತೆರೆಯುವುದಿಲ್ಲ. ಗೋಡೆಗೆ ಬೋರ್ಡ್ ಹಾಕೋಣ ಎಂದು ನಮ್ಮಲ್ಲೊಬ್ಬರು ಸೂಚಿಸಿದರು. ಅದು ಹಿಂದಕ್ಕೆ ನಡೆದಂತೆ ಎಂದು ಮ್ಯಾನೇಜರ್ ಹೇಳುತ್ತಾರೆ. ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಗೋಡೆಯನ್ನೇ ಆರಿಸಿಕೊಳ್ಳಿ. ಏಳು ಜನ, ಒಂದೇ ಕೋಣೆ, ಯಾರೂ ತೆರೆಯದ ಬೋರ್ಡ್ ಎಂದು ನೀವೇ ಬರೆದಿದ್ದೀರಿ. ಇಷ್ಟು ಹೇಳಿದ ಮೇಲೆ ನನಗೆ ಅನುಮಾನ ಉಳಿದಿಲ್ಲ. ಆದರೆ ಮ್ಯಾನೇಜರ್ ಅವರಿಗೆ ಕಾರಣ ಕೊಡಬೇಕಾದವರು ನೀವು, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇಂಥ ಬೋರ್ಡಿನ ಮೂಲದಲ್ಲಿರುವ ಕಾನ್‌ಬಾನ್ ಎಂಬ ಜಪಾನಿ ಪದಕ್ಕೆ ಫಲಕ, ಸೂಚನೆಯ ಹಲಗೆ ಎಂದು ಅರ್ಥ. ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಅವರು ರೂಪಿಸಿದ ಪದ್ಧತಿಯಲ್ಲಿ ಬಿಡಿಭಾಗಗಳ ಜೊತೆ ಒಂದು ಕಾರ್ಡ್ ಸಾಗುತ್ತಿತ್ತು. ಮುಂದಿನ ಹಂತದವರು ಆ ಭಾಗಗಳನ್ನು ಬಳಸಿಕೊಂಡಾಗ ಕಾರ್ಡ್ ಹಿಂದಿನ ಹಂತಕ್ಕೆ ಮರಳುತ್ತಿತ್ತು, ಅದು ಮರಳಿ ಬರುವವರೆಗೆ ಹೊಸದನ್ನು ತಯಾರಿಸುವಂತಿರಲಿಲ್ಲ. ಅಂದರೆ ಆ ಕಾರ್ಡ್ ಬರಿಯ ದಾಖಲೆಯಾಗಿರದೆ, ಕೆಲಸ ಶುರುಮಾಡಲು ಸಿಗುವ ಅನುಮತಿಯಾಗಿತ್ತು. 1990ರ ದಶಕದ ಕೊನೆಯಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅಜೈಲ್ ವಿಧಾನದ ತಂಡಗಳು ಬಳಕೆದಾರರ ಬೇಡಿಕೆಗಳನ್ನು ಗಟ್ಟಿ ಕಾಗದದ ಪುಟ್ಟ ಕಾರ್ಡ್‌ಗಳಲ್ಲಿ ಬರೆದು ಮೇಜಿನ ಮೇಲೆ ಹರಡಿಕೊಳ್ಳುತ್ತಿದ್ದವು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ಜನ ಬರೆದ ಅಜೈಲ್ ಪ್ರಣಾಳಿಕೆಯು, ಪ್ರಕ್ರಿಯೆ ಮತ್ತು ಸಾಧನಗಳಿಗಿಂತ ವ್ಯಕ್ತಿಗಳು ಮತ್ತು ಅವರ ನಡುವಿನ ಒಡನಾಟಕ್ಕೆ ಹೆಚ್ಚಿನ ಬೆಲೆ ಕೊಡುತ್ತೇವೆ ಎನ್ನುವ ಮಾತಿನಿಂದಲೇ ಆರಂಭವಾಗುತ್ತದೆ. 2020ರಲ್ಲಿ ಪರಿಷ್ಕರಿಸಿದ ಸ್ಕ್ರಮ್ ಗೈಡ್ (ಸ್ಪ್ರಿಂಟ್‌ಗಳಲ್ಲಿ ಕೆಲಸ ನಡೆಸುವ ಸ್ಕ್ರಮ್ ಎಂಬ ಅಜೈಲ್ ವಿಧಾನದ ಕೈಪಿಡಿ), ಸ್ಪ್ರಿಂಟ್‌ನ ಕೆಲಸವು ಎಲ್ಲರಿಗೂ ಎದ್ದು ಕಾಣುವಂತೆ, ಆ ಹೊತ್ತಿನ ನಿಜಸ್ಥಿತಿಯನ್ನು ತೋರಿಸುವಂತೆ ಇರಬೇಕು ಎನ್ನುತ್ತದೆ. ಅದು ಕಾಗದದ ಮೇಲಿರಬೇಕೋ ಕಂಪ್ಯೂಟರಿನಲ್ಲಿರಬೇಕೋ ಎಂಬುದನ್ನು ಅದು ವಿಧಿಸುವುದಿಲ್ಲ. ಹೀಗಿರುವಾಗ ಗೋಡೆಗೆ ಹೋಗುವುದು ಹಿಂದಕ್ಕೆ ನಡೆಯುವುದು ಎಂಬ ಮಾತಿಗೆ ಆಧಾರವಿಲ್ಲ. ಎದ್ದು ಕಾಣುತ್ತಿದೆಯೇ, ಈ ಹೊತ್ತಿನ ನಿಜವನ್ನು ಹೇಳುತ್ತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ನಿಮ್ಮ ಈಗಿನ ಬೋರ್ಡಿಗೆ ಹಾಕಿ ನೋಡಲು ಮ್ಯಾನೇಜರ್ ಅವರನ್ನು ಕೇಳಿಕೊಳ್ಳಿ.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡವೊಂದರಲ್ಲಿ ಒಂದು ರೂಢಿಯಿತ್ತು. ನಡೆಯುತ್ತಿರುವ ಪ್ರತಿಯೊಂದು ಕಾರ್ಡಿನ ಮೂಲೆಯಲ್ಲಿ ದಿನಾ ಬೆಳಿಗ್ಗೆ ಪೆನ್ನಿನಿಂದ ಒಂದು ಚುಕ್ಕಿ ಇಡುತ್ತಿದ್ದೆವು. ಪಾಸ್‌ವರ್ಡ್ ಬದಲಾವಣೆಯ ಇಮೇಲ್ ತಡವಾಗಿ ತಲುಪುತ್ತಿದೆ ಎಂದು ಬರೆದಿದ್ದ ಹಳದಿ ಚೀಟಿಯೊಂದು ಟೆಸ್ಟಿಂಗ್ ಕಾಲಂನಲ್ಲಿ ಉಳಿದುಬಿಟ್ಟಿತ್ತು. ಒಂದು ಬೆಳಿಗ್ಗೆ ಹನ್ನೊಂದನೆಯ ಚುಕ್ಕಿ ಇಡಲು ಹೋದವರಿಗೆ ಮೂಲೆಯಲ್ಲಿ ಜಾಗವೇ ಸಿಗಲಿಲ್ಲ. ಪೆನ್ನು ಎತ್ತಿ ಹಿಡಿದು ಅವರು ಸುಮ್ಮನೆ ನಿಂತರು. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಆಗ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಮೆಲ್ಲನೆ ಹೇಳಿದರು: "ಪರೀಕ್ಷೆ ಮಾಡಲು ಬೇಕಾದ ಮೇಲ್ ಸರ್ವರ್ ಖಾತೆಯೇ ನನಗಿಲ್ಲ. ಕೇಳಿ ಒಂಬತ್ತು ದಿನವಾಯಿತು." ಆ ಖಾತೆ ಅದೇ ಮಧ್ಯಾಹ್ನ ಸಿಕ್ಕಿತು. ಅದೇ ಕೆಲಸದ ಟಿಕೆಟ್, ಅಂದರೆ ನಮೂದು, ನಮ್ಮ ಸಾಫ್ಟ್‌ವೇರ್‌ನಲ್ಲಿಯೂ ಇತ್ತು, ಅದರ ಕೆಳಗೆ ಆಕೆ ಬರೆದ ಟಿಪ್ಪಣಿಯೂ ಇತ್ತು. ಅದನ್ನು ಓದಿದವರು ಮಾತ್ರ ಒಬ್ಬರೂ ಇರಲಿಲ್ಲ. ಪರದೆಯ ಮೇಲೆ ಹನ್ನೊಂದು ದಿನದ ಕಾರ್ಡೂ ನಿನ್ನೆಯ ಕಾರ್ಡೂ ಒಂದೇ ಅಳತೆಯ, ಒಂದೇ ಬಣ್ಣದ ಎರಡು ಚೌಕಗಳಾಗಿ ಕೂತಿದ್ದವು.

ಪ್ರಣಾಳಿಕೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಅಲಿಸ್ಟೇರ್ ಕೋಬರ್ನ್ ಇಂಥ ಗೋಡೆಯ ಫಲಕವನ್ನು ಇನ್ಫರ್ಮೇಶನ್ ರೇಡಿಯೇಟರ್ ಎಂದು ಕರೆದರು. ಹತ್ತಿರ ಹಾದುಹೋಗುವವರು ಕೇಳದಿದ್ದರೂ ಅದು ಕಾವಿನಂತೆ ಮಾಹಿತಿಯನ್ನು ತಾನಾಗಿ ಹೊರಸೂಸುತ್ತದೆ ಎಂಬುದು ಆ ಹೆಸರಿನ ಹಿಂದಿನ ಭಾವ. ಸಾಫ್ಟ್‌ವೇರ್ ಬೋರ್ಡಿನಲ್ಲಿ ಮಾಹಿತಿ ಹೆಚ್ಚೇ ಇರುತ್ತದೆ, ಆದರೆ ಲಾಗಿನ್ ಆಗಿ, ಫಿಲ್ಟರ್ ಹಾಕಿ, ಕಾರ್ಡನ್ನು ಕ್ಲಿಕ್ ಮಾಡಿ ತೆರೆದವರಿಗಷ್ಟೇ ಅದು ಸಿಗುತ್ತದೆ.

ಗೋಡೆಯ ಇನ್ನೊಂದು ಗುಣವೆಂದರೆ ಅದರ ಇಕ್ಕಟ್ಟು. ಇದನ್ನು ಕೊರತೆ ಎಂದು ಹಲವರು ಭಾವಿಸುತ್ತಾರೆ. ನನ್ನ ಮಟ್ಟಿಗೆ ಗೋಡೆಯಿಂದ ಸಿಗುವ ದೊಡ್ಡ ಲಾಭವೇ ಇದು. 140 ಕಾರ್ಡ್‌ಗಳನ್ನು ಪರದೆ ಸದ್ದಿಲ್ಲದೆ ನುಂಗಿಕೊಳ್ಳುತ್ತದೆ, ಗೋಡೆ ನುಂಗುವುದಿಲ್ಲ. ಜಾನ್ ಲಿಟಲ್ ಎಂಬ ಸಂಶೋಧಕರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮವೊಂದಿದೆ: ಒಂದು ಕೆಲಸ ಮುಗಿಯಲು ಹಿಡಿಯುವ ಸರಾಸರಿ ಕಾಲವೆಂದರೆ, ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದಾಗ ಬರುವಷ್ಟು. ನಿಮ್ಮ ತಂಡ ವಾರಕ್ಕೆ 3 ಕೆಲಸ ಮುಗಿಸುತ್ತದೆ, ಕೈಯಲ್ಲಿ 12 ಕೆಲಸಗಳಿವೆ ಎಂದಿಟ್ಟುಕೊಳ್ಳಿ. ಆಗ ಒಂದೊಂದಕ್ಕೂ ಸರಾಸರಿ 4 ವಾರ ಬೇಕು. ಅದೇ ವೇಗದಲ್ಲಿ, ಕೈಯಲ್ಲಿರುವುದನ್ನು 6ಕ್ಕೆ ಇಳಿಸಿದರೆ 2 ವಾರ ಸಾಕು. ಯಾರೂ ಹೆಚ್ಚು ಹೊತ್ತು ದುಡಿಯಬೇಕಾಗಿಲ್ಲ, ಒಮ್ಮೆಗೆ ಕಡಿಮೆ ಕೆಲಸ ಹಿಡಿದರಾಯಿತು. ಈ ಮಿತಿಯನ್ನು ಸಾಫ್ಟ್‌ವೇರ್‌ನಲ್ಲಿಯೂ ಹಾಕಬಹುದು, ನಿಜ. ಆದರೆ ಅಲ್ಲಿ ಮಿತಿ ಮೀರಿದರೆ ಕಾಲಂನ ತಲೆಯಲ್ಲಿ ಒಂದು ಅಂಕಿ ಕೆಂಪಾಗುತ್ತದೆ, ಎರಡನೆಯ ದಿನಕ್ಕೆ ಆ ಕೆಂಪು ಕಣ್ಣಿಗೆ ರೂಢಿಯಾಗಿಬಿಡುತ್ತದೆ. ಗೋಡೆಯ ಮೇಲೆ ನಾಲ್ಕು ಚೀಟಿಗಷ್ಟೇ ಚೌಕ ಗೀಚಿಟ್ಟರೆ ಐದನೆಯದನ್ನು ಕೈಯಲ್ಲಿ ಹಿಡಿದು ನಿಂತವರು ಯಾವುದನ್ನಾದರೂ ಮುಗಿಸೋಣ ಎಂದು ಪಕ್ಕದವರನ್ನು ಕೇಳಲೇಬೇಕು.

ಆರಂಭಿಸುವ ಬಗೆ ಹೀಗಿರಲಿ. 140 ಕಾರ್ಡ್‌ಗಳನ್ನು ಗೋಡೆಗೆ ನಕಲು ಮಾಡಲು ಹೋಗಬೇಡಿ. ಈ ಸ್ಪ್ರಿಂಟ್‌ಗೆ ಒಪ್ಪಿಕೊಂಡಿರುವ ಕೆಲಸಗಳಷ್ಟನ್ನೇ ಕೈಬರಹದಲ್ಲಿ ಹೊಸದಾಗಿ ಬರೆಯಿರಿ, ಉಳಿದವು ಸಾಫ್ಟ್‌ವೇರ್‌ನ ಬ್ಯಾಕ್‌ಲಾಗ್‌ನಲ್ಲಿಯೇ (ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ) ಇರಲಿ. ಕಾಲಂಗಳು ಮೊದಲಿಗೆ ನಾಲ್ಕೇ ಸಾಕು: ಮಾಡಬೇಕಾದದ್ದು, ನಡೆಯುತ್ತಿರುವುದು, ಪರೀಕ್ಷೆ, ಮುಗಿದದ್ದು. ಗೆರೆಗಳನ್ನು ಅಳಿಸಲಾಗದ ಬಣ್ಣದಲ್ಲಿ ಎಳೆಯದೆ ಬಣ್ಣದ ಟೇಪಿನಲ್ಲಿ ಹಾಕಿ, ಏಕೆಂದರೆ ಮೊದಲ ತಿಂಗಳಿನಲ್ಲಿ ನೀವು ಅವನ್ನು ಎರಡು ಮೂರು ಸಲವಾದರೂ ಕಿತ್ತು ಹಾಕುತ್ತೀರಿ. ಪ್ರತಿಯೊಬ್ಬರಿಗೂ ಹೆಸರು ಬರೆದ ಎರಡು ಮ್ಯಾಗ್ನೆಟ್ ಕೊಡಿ. ಎರಡೂ ಎರಡು ಕಾರ್ಡ್‌ಗಳ ಮೇಲೆ ಕೂತಿದ್ದರೆ ಅವರು ಮೂರನೆಯದಕ್ಕೆ ಕೈ ಹಾಕುವಂತಿಲ್ಲ. ಸ್ಟ್ಯಾಂಡ್‌ಅಪ್ ಹೊತ್ತಿನಲ್ಲಿ ಒಬ್ಬೊಬ್ಬರೂ ಸರದಿಯಂತೆ ವರದಿ ಒಪ್ಪಿಸುವುದರ ಬದಲು, ಮುಗಿಯಲು ಹತ್ತಿರವಿರುವ ಬಲತುದಿಯ ಕಾರ್ಡಿನಿಂದ ಎಡಕ್ಕೆ ನಡೆಯುತ್ತ ಪ್ರತಿ ಕಾರ್ಡಿನ ಬಗ್ಗೆ ಮಾತಾಡಿ.

ಇದರಿಂದ ನೀವು ಕಳೆದುಕೊಳ್ಳುವುದೂ ಇದೆ. ಆರು ತಿಂಗಳ ಹಿಂದೆ ಇದೇ ದೋಷವನ್ನು ಯಾರು ಸರಿಪಡಿಸಿದ್ದರು ಎಂದು ಗೋಡೆಯನ್ನು ಕೇಳಲಾಗದು. ಕೋಡ್ ಬದಲಾವಣೆಯೊಂದಿಗೆ ಕಾರ್ಡನ್ನು ಜೋಡಿಸುವ ಅನುಕೂಲ ಅಲ್ಲಿಲ್ಲ. ಇವಕ್ಕಾಗಿ ಸಾಫ್ಟ್‌ವೇರನ್ನು ಮುಚ್ಚದೆ ಇಟ್ಟುಕೊಳ್ಳಿ. ಮೂರು ಸ್ಪ್ರಿಂಟ್, ಅಂದರೆ ಆರು ವಾರ, ಗೋಡೆಯೊಂದಿಗೆ ಕಳೆದ ಮೇಲೆ ತಂಡವೇ ತೀರ್ಮಾನಿಸಲಿ. ಆಗಲೂ ಸಾಫ್ಟ್‌ವೇರ್ ಬೋರ್ಡಿಗೇ ಮರಳೋಣ ಎಂದರೆ ಮರಳಿ. ಆಗ ನಿಮಗೆ ಬೇಕಾದ ಕಾಲಂಗಳು ಯಾವುವು, ಬೇಡವಾದ ಐದು ಯಾವುವು ಎಂಬುದಾದರೂ ತಿಳಿದಿರುತ್ತದೆ.

ಪ್ರಶ್ನೆ: ನಮ್ಮ ಒಂಬತ್ತು ಜನರಲ್ಲಿ ಇಬ್ಬರು ಬೇರೆ ದೇಶದಲ್ಲಿದ್ದಾರೆ, ಉಳಿದವರು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುತ್ತಾರೆ. ಕಚೇರಿಯ ಗೋಡೆಯ ಬೋರ್ಡನ್ನು ಬಿಡಲು ನನಗೆ ಮನಸ್ಸಿಲ್ಲ. ಅದರ ಮುಂದೆ ಕ್ಯಾಮೆರಾ ಇಟ್ಟು ದೂರದವರಿಗೆ ತೋರಿಸಿದರೆ ಸಾಲದೇ?

ಉತ್ತರ: ಸಾಲದು. ಗೋಡೆಯ ಬೋರ್ಡಿನ ಮೇಲೆ ನನಗೂ ನಿಮ್ಮಷ್ಟೇ ಪ್ರೀತಿಯಿದೆ, ಆದರೂ ಈ ಸಂದರ್ಭದಲ್ಲಿ ಅದನ್ನು ಬಿಡಬೇಕು ಎಂದೇ ಹೇಳುತ್ತೇನೆ.

ಕ್ಯಾಮೆರಾದ ಚಿತ್ರದಲ್ಲಿ ಅಕ್ಷರ ಸರಿಯಾಗಿ ಕಾಣದಿರುವುದು ಸಣ್ಣ ತೊಡಕು. ದೊಡ್ಡ ತೊಡಕೆಂದರೆ ದೂರದಲ್ಲಿರುವವರು ತಮ್ಮ ಕಾರ್ಡನ್ನು ತಾವೇ ಸರಿಸಲಾರರು. "ದಯವಿಟ್ಟು ನನ್ನದನ್ನು ಪರೀಕ್ಷೆಗೆ ಸರಿಸುತ್ತೀರಾ?" ಎಂದು ದಿನವೂ ಕೇಳಬೇಕಾದವರು ಕೆಲವೇ ವಾರಗಳಲ್ಲಿ ಕೇಳುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಅವರ ಕೆಲಸದ ಸ್ಥಿತಿ ಬೋರ್ಡಿನಲ್ಲಿ ಹಳಸುತ್ತ ಹೋಗುತ್ತದೆ, ಸ್ಟ್ಯಾಂಡ್‌ಅಪ್‌ನಲ್ಲಿ ಅವರು ನೋಡುಗರಾಗಿ ಉಳಿಯುತ್ತಾರೆ. ಒಬ್ಬರು ಕಾಯಂ ಆಗಿ ದೂರದಲ್ಲಿದ್ದರೂ ಸಾಕು, ಬೋರ್ಡ್ ಎಲ್ಲರ ಕೈಗೂ ಸಮನಾಗಿ ಎಟಕುವ ಕಡೆ ಇರಬೇಕು. ನಿಮ್ಮ ಪಾಲಿಗೆ ಆ ಜಾಗ ಸಾಫ್ಟ್‌ವೇರ್.

ಆದರೆ ಆ ಸಾಫ್ಟ್‌ವೇರ್ ಬೋರ್ಡನ್ನು ಗೋಡೆಯಷ್ಟೇ ಸರಳವಾಗಿ ಕಟ್ಟಿಕೊಳ್ಳುವುದು ನಿಮ್ಮ ಕೈಯಲ್ಲಿದೆ. 2020ರಲ್ಲಿ ಸಾಂಕ್ರಾಮಿಕದಿಂದಾಗಿ ತಂಡಗಳು ರಾತ್ರೋರಾತ್ರಿ ಮನೆಗೆ ಹೋಗಬೇಕಾಗಿ ಬಂದಾಗ ನಾನು ಹತ್ತಿರದಿಂದ ಕಂಡ ತಂಡಗಳು ಸಾಧನದ ಜೊತೆ ಬಂದ ಕಾಲಂಗಳನ್ನು ಹಾಗೆಯೇ ಒಪ್ಪಿಕೊಂಡವು. ಗೋಡೆಯ ಮೇಲೆ ತಾವು ಕಂಡುಕೊಂಡಿದ್ದ ಚುಕ್ಕಿ, ಮ್ಯಾಗ್ನೆಟ್, ಚೌಕದ ಮಿತಿ ಯಾವುದನ್ನೂ ಹೊಸ ಬೋರ್ಡಿಗೆ ತರಲಿಲ್ಲ. ನೀವು ತನ್ನಿ. ಕಾಲಂಗಳು ಒಂದು ಪರದೆಯೊಳಗೆ ಹಿಡಿಸಬೇಕು, ಬಲಕ್ಕೆ ಸ್ಕ್ರೋಲ್ ಮಾಡಿ ನೋಡಬೇಕಾದ ಕಾಲಂ ಇಲ್ಲದಂತೆಯೇ ಲೆಕ್ಕ. ಕಾರ್ಡ್ ಒಂದೇ ಕಡೆ ಎಷ್ಟು ದಿನದಿಂದ ಇದೆ ಎಂಬುದನ್ನು ಅದರ ಮುಖದ ಮೇಲೆಯೇ ತೋರಿಸುವ ಸೌಲಭ್ಯವನ್ನು ಹಲವು ಸಾಧನಗಳು ಕೊಡುತ್ತವೆ. ಅದನ್ನು ಚಾಲೂ ಮಾಡಿ. ಸ್ಟ್ಯಾಂಡ್‌ಅಪ್‌ನಲ್ಲಿ ಒಬ್ಬರೇ ಪರದೆ ಹಂಚಿಕೊಂಡು ಎಲ್ಲರ ಕಾರ್ಡನ್ನೂ ಸರಿಸುವ ಅಭ್ಯಾಸ ಬೇಡ, ಅವರವರ ಕಾರ್ಡನ್ನು ಅವರವರೇ ಸರಿಸಲಿ. ಕಚೇರಿಯಲ್ಲಿ ಕೂತವರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದಲೇ ಸೇರಿಕೊಂಡರೆ ದೂರದ ಇಬ್ಬರಿಗೆ ತಾವು ಹೊರಗಿನವರು ಎನಿಸುವುದಿಲ್ಲ.

ವರ್ಷಕ್ಕೊಮ್ಮೆಯಾದರೂ ಎಲ್ಲರೂ ಒಂದೆಡೆ ಸೇರುವಿರಾದರೆ ಆ ದಿನಗಳ ಯೋಜನೆಯನ್ನು ಕಾಗದದ ಕಾರ್ಡ್‌ಗಳಲ್ಲಿ, ಮೇಜಿನ ಸುತ್ತ ನಿಂತು ಮಾಡಿ. ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಪ್ರಶ್ನೆ: ನಾನು ಸ್ಕ್ರಮ್ ಮಾಸ್ಟರ್, ಅಂದರೆ ತಂಡದ ಕೆಲಸ ಸುಗಮವಾಗಿ ನಡೆಯುವಂತೆ ನೋಡಿಕೊಳ್ಳುವ ಹೊಣೆ ನನ್ನದು. ನಮ್ಮಲ್ಲಿ ಗೋಡೆಯ ಬೋರ್ಡೂ ಇದೆ, ಸಾಫ್ಟ್‌ವೇರೂ ಇದೆ. ದಿನಾ ಸಂಜೆ ಒಂದನ್ನು ನೋಡಿ ಇನ್ನೊಂದನ್ನು ತಿದ್ದುವುದು ನನ್ನ ಕೆಲಸವಾಗಿಬಿಟ್ಟಿದೆ. ಆದರೂ ಎರಡೂ ತಾಳೆಯಾಗುವುದಿಲ್ಲ.

ಉತ್ತರ: ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ, ಇದೇ ಕೆಲಸವನ್ನು ನಾನೂ ಬಹುಕಾಲ ಮಾಡಿದ್ದೇನೆ. ಎರಡು ಬೋರ್ಡ್ ಇರುವುದು ತಪ್ಪಲ್ಲ. ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಡುವುದು ತಪ್ಪು. ಯಾವ ಸಂಗತಿ ಎಲ್ಲಿರಬೇಕು ಎಂಬುದನ್ನು ಮೊದಲು ಪಾಲು ಮಾಡಿ.

ನಾನು ಸೂಚಿಸುವ ಪಾಲು ಇದು. ಬಳಕೆದಾರರಿಗೆ ಏನು ಸಿಗಬೇಕು ಎಂದು ಹೇಳುವ ಸ್ಟೋರಿ, ಅದರ ವಿವರ, ಒಪ್ಪಿಗೆಯ ಷರತ್ತುಗಳು, ಚರ್ಚೆಯ ಟಿಪ್ಪಣಿಗಳು ಮತ್ತು ಮುಂದಿನ ತಿಂಗಳುಗಳ ಬ್ಯಾಕ್‌ಲಾಗ್ ಸಾಫ್ಟ್‌ವೇರ್‌ನಲ್ಲಿರಲಿ. ಆ ಸ್ಟೋರಿಯನ್ನು ಮುಗಿಸಲು ಈ ಎರಡು ವಾರದಲ್ಲಿ ತಂಡ ಮಾಡುವ ಅರ್ಧ ದಿನ, ಒಂದು ದಿನದ ಸಣ್ಣ ಟಾಸ್ಕ್‌ಗಳು ಗೋಡೆಯ ಮೇಲೆ ಮಾತ್ರ ಇರಲಿ, ಸಾಫ್ಟ್‌ವೇರ್‌ಗೆ ಅವು ಹೋಗುವುದೇ ಬೇಡ. ಆಗ ಒಂದು ಸ್ಟೋರಿಯ ಆಯುಷ್ಯದಲ್ಲಿ ಸಾಫ್ಟ್‌ವೇರನ್ನು ಮುಟ್ಟಬೇಕಾಗುವುದು ಎರಡೇ ಸಲ: ಸ್ಪ್ರಿಂಟ್‌ಗೆ ತೆಗೆದುಕೊಂಡಾಗ ಒಮ್ಮೆ, ಮುಗಿದಾಗ ಒಮ್ಮೆ. ಗೋಡೆಯ ಸ್ಟೋರಿ ಕಾರ್ಡಿನಲ್ಲಿ ಟಿಕೆಟ್ ಸಂಖ್ಯೆಯನ್ನೂ ನಾಲ್ಕೈದು ಪದಗಳ ಶೀರ್ಷಿಕೆಯನ್ನೂ ದಪ್ಪಕ್ಷರದಲ್ಲಿ ಬರೆದರೆ ಸಾಕು. ಕಾರ್ಡನ್ನು ಮುಗಿದದ್ದು ಕಾಲಂಗೆ ಸರಿಸಿದವರೇ ತಮ್ಮ ಮೇಜಿಗೆ ಮರಳಿ ಟಿಕೆಟ್ ಮುಚ್ಚಬೇಕು. ಇದು ನಿಮ್ಮ ಕೆಲಸವಲ್ಲ. ಸ್ಕ್ರಮ್ ಮಾಸ್ಟರ್ ಲೆಕ್ಕ ಬರೆಯುವವರಾದರೆ, ತಂಡದ ದಾರಿಯಲ್ಲಿರುವ ಅಡ್ಡಿಗಳನ್ನು ತೆಗೆಯಲು ಅವರಿಗೆ ಹೊತ್ತು ಉಳಿಯುವುದಿಲ್ಲ.

ಇಷ್ಟಾದರೂ ಎರಡು ಬೋರ್ಡ್‌ಗಳು ಬೇರೆ ಬೇರೆ ಮಾತು ಹೇಳುವ ದಿನ ಬಂದೇ ಬರುತ್ತದೆ. ಆ ದಿನ ಯಾವುದನ್ನು ನಂಬಬೇಕು ಎಂದು ಈಗಲೇ ತಂಡದಲ್ಲಿ ಒಪ್ಪಿಕೊಂಡು ಬೋರ್ಡಿನ ಮೇಲ್ಭಾಗದಲ್ಲಿ ಬರೆದು ಹಾಕಿ. ತಂಡ ಒಂದೇ ಕೋಣೆಯಲ್ಲಿದ್ದರೆ ಗೋಡೆಯೇ ನಿಜ ಎಂದು ಬರೆಯಿರಿ ಎನ್ನುವುದು ನನ್ನ ಮಾತು.

ಪ್ರಶ್ನೆ: ವೈದ್ಯಕೀಯ ಉಪಕರಣಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ, ನಿಯಮಿತವಾಗಿ ಆಡಿಟ್ ನಡೆಯುತ್ತದೆ. ಗೋಡೆಯ ಬೋರ್ಡಿನ ಫೋಟೊ ತೆಗೆದಿಟ್ಟರೆ ದಾಖಲೆಯಾಗುತ್ತದೆಯೇ?

ಉತ್ತರ: ಅದನ್ನೇ ನೆಚ್ಚಿಕೊಂಡು ಕೂರಬೇಡಿ. ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್‌ಗೆ ಸಂಬಂಧಿಸಿದ ಐಇಸಿ 62304 ಮಾನದಂಡವು, ವರದಿಯಾದ ದೋಷ, ಅದಕ್ಕಾಗಿ ಒಪ್ಪಿದ ಬದಲಾವಣೆ, ಆ ಬದಲಾವಣೆಯ ಪರಿಶೀಲನೆ ಇವುಗಳ ನಡುವಿನ ಕೊಂಡಿಯನ್ನು ತೋರಿಸಬಲ್ಲ ದಾಖಲೆಯನ್ನು ಬಯಸುತ್ತದೆ. ಫೋಟೊದಲ್ಲಿ ಆ ಕೊಂಡಿ ಸಿಗುವುದಿಲ್ಲ. ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದೂ ಸಿಗುವುದಿಲ್ಲ. ನಿಮ್ಮ ಅಧಿಕೃತ ದಾಖಲೆ ಸಾಫ್ಟ್‌ವೇರ್‌ನಲ್ಲಿಯೇ ಇರಬೇಕು. ದಿನದ ಮಾತುಕತೆಗಾಗಿ ಪಕ್ಕದಲ್ಲಿ ಒಂದು ಗೋಡೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ರೋಗಿಗಳ ಅಥವಾ ಗ್ರಾಹಕರ ಗುರುತು ಸಿಗುವ ಯಾವ ವಿವರವೂ ಚೀಟಿಯ ಮೇಲೆ ಬರದಂತೆ ನೋಡಿಕೊಳ್ಳಿ. ಗೋಡೆಯನ್ನು ಅತಿಥಿಗಳೂ ಓದುತ್ತಾರೆ.

ಪ್ರಶ್ನೆ: ನಮ್ಮ ಚೀಟಿಗಳು ಮೂರೇ ದಿನಕ್ಕೆ ಸುರುಳಿಯಾಗಿ ಉದುರುತ್ತವೆ, ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತವೆ. ಇದಕ್ಕೇನು ಉಪಾಯ?

ಉತ್ತರ: ಪ್ರಶ್ನೆ ಸಣ್ಣದೆಂದು ನೀವು ಸಂಕೋಚದಿಂದ ಬರೆದಿದ್ದೀರಿ. ನಿಜಕ್ಕೂ ಸಣ್ಣದಲ್ಲ, ಇದೇ ಕಾರಣಕ್ಕೆ ಗೋಡೆಯ ಮೇಲೆ ನಂಬಿಕೆ ಕಳೆದುಕೊಂಡ ತಂಡಗಳನ್ನು ನಾನು ಕಂಡಿದ್ದೇನೆ.

ಹೆಚ್ಚಿನ ಸಲ ತಪ್ಪು ಇರುವುದು ಚೀಟಿಯನ್ನು ಕಟ್ಟಿನಿಂದ ಬಿಡಿಸುವ ಬಗೆಯಲ್ಲಿ. ಕೆಳ ಅಂಚನ್ನು ಹಿಡಿದು ಮೇಲಕ್ಕೆ ಎಳೆದರೆ ಅಂಟಿರುವ ಪಟ್ಟಿಯ ಹತ್ತಿರ ಕಾಗದ ಬಾಗಿಬಿಡುತ್ತದೆ, ಆ ಬಾಗು ಮತ್ತೆ ನೇರವಾಗುವುದಿಲ್ಲ. ಕಟ್ಟನ್ನು ಗಟ್ಟಿಯಾಗಿ ಹಿಡಿದು, ಅಂಟಿನ ಪಟ್ಟಿಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ಅಂದರೆ ಅಡ್ಡಲಾಗಿ ಬಿಡಿಸಿ. ಚೀಟಿ ಸಪಾಟಾಗಿ ಬರುತ್ತದೆ, ಗೋಡೆಗೆ ಹಾಕಿದಾಗ ಮೈಗೆ ಮೈ ಅಂಟಿಕೊಂಡು ನಿಲ್ಲುತ್ತದೆ. ಅಂಟಿಸಿದ ಮೇಲೆ ಪಟ್ಟಿಯ ಉದ್ದಕ್ಕೂ ಹೆಬ್ಬೆರಳಿನಿಂದ ಒಮ್ಮೆ ಒತ್ತಿ. ಈ ಅಂಟು ಸುಲಭವಾಗಿ ಬಿಡಲೆಂದೇ ಇರುವಂಥದ್ದು: 3ಎಂ ಸಂಸ್ಥೆಯ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟನ್ನು ಹುಡುಕುತ್ತಿದ್ದಾಗ ಸಿಕ್ಕಿದ ದುರ್ಬಲ ಅಂಟು ಇದು, ಪೋಸ್ಟ್-ಇಟ್ ಎಂಬ ಹೆಸರಿನಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದದ್ದು 1980ರಲ್ಲಿ. ಹಾಗಾಗಿ ಧೂಳಿರುವ ಅಥವಾ ಒರಟಾದ ಸುಣ್ಣದ ಗೋಡೆಯ ಮೇಲೆ ಇದು ನಿಲ್ಲುವುದನ್ನು ನಿರೀಕ್ಷಿಸಬೇಡಿ. ವೈಟ್‌ಬೋರ್ಡ್ ಇಲ್ಲವೆ ಗಾಜಿನ ಮೇಲೆ ಹಾಕಿ, ಅಥವಾ ಗಟ್ಟಿ ಕಾರ್ಡ್ ಬಳಸಿ ಮ್ಯಾಗ್ನೆಟ್‌ನಿಂದ ನಿಲ್ಲಿಸಿ.

ಬರೆಯಲು ಬಾಲ್‌ಪೆನ್ ಬೇಡ, ಮಾರ್ಕರ್ ಹಿಡಿಯಿರಿ. ಎರಡು ಮೀಟರ್ ದೂರದಿಂದ ಓದಲಾಗದ ಚೀಟಿ ಗೋಡೆಯ ಮೇಲಿದ್ದೂ ಪ್ರಯೋಜನವಿಲ್ಲ. ತಡೆಯಾದ ಕೆಲಸಕ್ಕೆ ಕೆಂಪು ಚೀಟಿ ಹಾಕುವ ರೂಢಿ ಹಲವೆಡೆ ಇದೆ. ಬಣ್ಣದ ಜೊತೆಗೆ ಒಂದು ದೊಡ್ಡ ಗುಣಾಕಾರದ ಗುರುತನ್ನೂ ಹಾಕಿ, ಏಕೆಂದರೆ ಕೆಂಪು ಹಸಿರುಗಳನ್ನು ಬೇರ್ಪಡಿಸಿ ನೋಡಲಾಗದವರು ನಿಮ್ಮ ತಂಡದಲ್ಲಿದ್ದು ಅದನ್ನು ಹೇಳಿಕೊಳ್ಳದೆ ಇರಬಹುದು. ತಂಡದಲ್ಲಿ ದೃಷ್ಟಿದೋಷವಿದ್ದು ಸ್ಕ್ರೀನ್ ರೀಡರ್ ಬಳಸುವವರಿದ್ದರೆ ಇಲ್ಲಿ ಬರೆದ ಉಪಾಯಗಳೆಲ್ಲ ವ್ಯರ್ಥ. ಅಂಥ ತಂಡ ಸಾಫ್ಟ್‌ವೇರನ್ನೇ ಬಳಸಬೇಕು.

ಪ್ರಶ್ನೆ: ಆಡಳಿತದವರು ವರದಿ ಕೇಳುತ್ತಾರೆ. ಗೋಡೆಯಿಂದ ಅಂಕಿಅಂಶ ಸಿಗುವುದಿಲ್ಲ, ಸಾಫ್ಟ್‌ವೇರ್ ಆದರೆ ಯಾರು ಎಷ್ಟು ಕೆಲಸ ಮುಗಿಸಿದರು ಎಂಬುದೂ ತಾನಾಗಿ ಬರುತ್ತದೆ ಎನ್ನುತ್ತಾರೆ. ಇದಕ್ಕೆ ಏನು ಹೇಳಲಿ?

ಉತ್ತರ: ಇಲ್ಲಿ ಎರಡು ಬೇಡಿಕೆಗಳು ಬೆರೆತಿವೆ, ಅವನ್ನು ಬಿಡಿಸಿ ಉತ್ತರಿಸಬೇಕು.

ತಂಡದ ಅಂಕಿಅಂಶ ಕೇಳುವುದು ನ್ಯಾಯವೇ, ಅದಕ್ಕೆ ಗೋಡೆಯೂ ಸಾಕು. ಕಾರ್ಡನ್ನು ಕೈಗೆತ್ತಿಕೊಂಡ ದಿನಾಂಕವನ್ನು ಎಡ ಮೂಲೆಯಲ್ಲೂ ಮುಗಿದ ದಿನಾಂಕವನ್ನು ಬಲ ಮೂಲೆಯಲ್ಲೂ ಬರೆಯಿರಿ. ಸ್ಪ್ರಿಂಟ್ ಕೊನೆಯಲ್ಲಿ ಕಾರ್ಡ್‌ಗಳನ್ನು ತೆಗೆಯುವಾಗ ಒಬ್ಬರು ದಿನಾಂಕಗಳನ್ನು ಓದಿದರೆ ಇನ್ನೊಬ್ಬರು ಸ್ಪ್ರೆಡ್‌ಶೀಟಿನಲ್ಲಿ ತುಂಬಿಕೊಳ್ಳಬಹುದು. ಇಪ್ಪತ್ತು ಕಾರ್ಡ್‌ಗಳಿಗೆ ಹತ್ತು ನಿಮಿಷ ಹಿಡಿಯುತ್ತದೆ. ಒಂದು ಕೆಲಸಕ್ಕೆ ಸಾಮಾನ್ಯವಾಗಿ ಎಷ್ಟು ದಿನ ಬೇಕು, ಒಂದು ಸ್ಪ್ರಿಂಟ್‌ನಲ್ಲಿ ಎಷ್ಟು ಮುಗಿಯುತ್ತವೆ ಎಂಬುದು ಇದರಿಂದಲೇ ತಿಳಿಯುತ್ತದೆ. ಸಾಫ್ಟ್‌ವೇರ್ ಇದನ್ನು ಶ್ರಮವಿಲ್ಲದೆ ಮಾಡುತ್ತದೆ ಎಂಬುದು ದಿಟ, ಹತ್ತಾರು ತಂಡಗಳ ಲೆಕ್ಕವನ್ನು ಒಟ್ಟುಗೂಡಿಸಬೇಕಾದ ಕಡೆ ಅದಕ್ಕೆ ಬದಲಿಯೂ ಇಲ್ಲ. ಆದರೆ ಅದರ ಲೆಕ್ಕ, ಕಾರ್ಡ್ ಸರಿಸಿದ ಕ್ಷಣವನ್ನು ಮಾತ್ರ ಬಲ್ಲದು. ವಾರವಿಡೀ ಬೋರ್ಡ್ ಮುಟ್ಟದೆ ಶುಕ್ರವಾರ ಸಂಜೆ ಏಳು ಕಾರ್ಡ್‌ಗಳನ್ನು ಒಟ್ಟಿಗೆ ಮುಗಿದದ್ದು ಕಾಲಂಗೆ ಎಳೆಯುವ ತಂಡದ ಗ್ರಾಫ್ ಎಷ್ಟೇ ಅಂದವಾಗಿದ್ದರೂ ಅದರಲ್ಲಿರುವ ದಿನಗಳು ಸುಳ್ಳು.

ಯಾರು ಎಷ್ಟು ಮುಗಿಸಿದರು ಎಂಬ ಎರಡನೆಯ ಬೇಡಿಕೆಯನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬೋರ್ಡ್ ಹಾಳಾಗುವುದನ್ನು ನಾನು ಅತಿ ಹೆಚ್ಚು ಕಂಡಿರುವುದು ಈ ದಾರಿಯಲ್ಲಿಯೇ. ಕಾರ್ಡ್‌ಗಳ ಎಣಿಕೆ ವ್ಯಕ್ತಿಯ ಮೌಲ್ಯಮಾಪನಕ್ಕೆ ಹೋಗುತ್ತದೆ ಎಂದು ಗೊತ್ತಾದ ದಿನದಿಂದ ಜನ ಕೆಲಸಕ್ಕೆ ತಕ್ಕಂತೆ ಕಾರ್ಡ್ ಬರೆಯುವುದನ್ನು ಬಿಟ್ಟು ಎಣಿಕೆಗೆ ತಕ್ಕಂತೆ ಬರೆಯುತ್ತಾರೆ. ಒಂದು ಕೆಲಸ ನಾಲ್ಕು ಕಾರ್ಡ್ ಆಗುತ್ತದೆ. ಹೊಸಬರಿಗೆ ಅರ್ಧ ದಿನ ಕೂತು ಕಲಿಸಿಕೊಟ್ಟವರ ಹೆಸರಿನಲ್ಲಿ ಒಂದು ಕಾರ್ಡೂ ಇರುವುದಿಲ್ಲ, ಆದ್ದರಿಂದ ಮುಂದಿನ ತಿಂಗಳು ಯಾರೂ ಕಲಿಸುವುದಿಲ್ಲ. ಮೇಲೆ ಹೇಳಿದ ಆ ಸಹೋದ್ಯೋಗಿ, ತನ್ನ ಬಳಿ ಕಾರ್ಡ್ ಹನ್ನೊಂದು ದಿನ ನಿಂತಿದೆ ಎಂದು ಎಲ್ಲರೆದುರು ಹೇಳಲು ಸಾಧ್ಯವಾದದ್ದು ಅದು ತನ್ನ ವಿರುದ್ಧದ ಅಂಕಿಯಾಗುವುದಿಲ್ಲ ಎಂಬ ಭರವಸೆ ಇದ್ದುದರಿಂದ. ಆಡಳಿತದವರನ್ನು ಒಂದು ಬೆಳಿಗ್ಗೆ ನಿಮ್ಮ ಸ್ಟ್ಯಾಂಡ್‌ಅಪ್‌ಗೆ ಕರೆಯಿರಿ. ಹದಿನೈದು ನಿಮಿಷ ಬೋರ್ಡಿನ ಮುಂದೆ ಸುಮ್ಮನೆ ನಿಂತು ಕೇಳಿದರೆ, ವರದಿಯಲ್ಲಿ ಅವರು ಹುಡುಕುತ್ತಿದ್ದದ್ದು ಬಹಳಷ್ಟು ಅಲ್ಲಿಯೇ ಸಿಗುತ್ತದೆ.

ಪ್ರಶ್ನೆ: ಸಾಫ್ಟ್‌ವೇರ್ ಎಂದೇ ತೀರ್ಮಾನಿಸಿದ್ದೇವೆ. ಜಿರಾ, ಟ್ರೆಲ್ಲೊ ಹೀಗೆ ಹಲವು ಹೆಸರುಗಳಿವೆ. ಯಾವುದನ್ನು ತೆಗೆದುಕೊಳ್ಳಬೇಕು?

ಉತ್ತರ: ನಿಮ್ಮ ಕೆಲಸದ ವಿವರ ಪತ್ರದಲ್ಲಿಲ್ಲದ ಕಾರಣ ಇಂಥದ್ದೇ ಎಂದು ಹೇಳಲಾರೆ, ಆದರೆ ಒಂದೊಂದು ಸಾಧನದ ಹುಟ್ಟು ಅದರ ಸ್ವಭಾವವನ್ನು ಬಹುಮಟ್ಟಿಗೆ ತಿಳಿಸುತ್ತದೆ. 2002ರಲ್ಲಿ ಬಂದ ಜಿರಾ ಮೊದಲಿಗೆ ದೋಷಗಳ ಜಾಡು ಹಿಡಿಯಲು ಮಾಡಿದ ಸಾಧನ. ಆದ್ದರಿಂದ ಹಂತಗಳು, ಅನುಮತಿಗಳು, ಭರ್ತಿ ಮಾಡಬೇಕಾದ ವಿವರಗಳು, ಹುಡುಕಾಟ ಇವುಗಳಲ್ಲಿ ಅದರ ಬಲವಿದೆ, ಅದರ ಭಾರವೂ ಅಲ್ಲಿಯೇ ಇದೆ. 2011ರಲ್ಲಿ ಬಂದ ಟ್ರೆಲ್ಲೊ ಪಟ್ಟಿ ಮತ್ತು ಕಾರ್ಡ್‌ಗಳಿಂದಲೇ ಶುರುವಾಯಿತು. ಹತ್ತು ನಿಮಿಷದಲ್ಲಿ ಕಲಿಯಬಹುದು, ಆದರೆ ಕೆಲಸ ದೊಡ್ಡದಾಗುತ್ತ ಹೋದಂತೆ ಅದರ ಸರಳತೆಯೇ ಸಾಲದಾಗಬಹುದು. 2017ರಿಂದ ಎರಡೂ ಅಟ್ಲಾಸಿಯನ್ ಎಂಬ ಒಂದೇ ಸಂಸ್ಥೆಯ ಒಡೆತನದಲ್ಲಿವೆ. ನಿಮ್ಮ ಕೋಡ್ ಇರುವ ಗಿಟ್‌ಹಬ್‌ನಂಥ ಕಡೆಯೇ ಬೋರ್ಡ್ ಇದ್ದರೆ ಮೊದಲು ಅದನ್ನೇ ನೋಡಿ, ಹೊಸ ಸಾಧನ ಒಂದಾದರೂ ಕಡಿಮೆಯಾಗುತ್ತದೆ.

ಯಾವುದನ್ನೇ ಪರೀಕ್ಷಿಸುವಾಗಲೂ ಮಾರಾಟದವರು ತೋರಿಸುವ ಮಾದರಿ ಬೋರ್ಡನ್ನು ನೋಡಿ ತೀರ್ಮಾನಿಸಬೇಡಿ. ನಿಮ್ಮದೇ ಸ್ಪ್ರಿಂಟ್‌ನ ಇಪ್ಪತ್ತು ಕೆಲಸಗಳನ್ನು ಅದರೊಳಗೆ ಹಾಕಿ ಎರಡು ವಾರ ನಡೆಸಿ. ಮಾತಿನ ನಡುವೆ ಹೊಳೆದ ಕೆಲಸವನ್ನು ಆ ಮಾತು ಮುಗಿಯುವುದರೊಳಗೆ ಕಾರ್ಡ್ ಮಾಡಲು ಆಗುತ್ತದೆಯೇ, ಅಥವಾ ಆರು ಕಡ್ಡಾಯ ವಿವರಗಳನ್ನು ತುಂಬುವವರೆಗೆ ಅದು ಬಿಡುವುದಿಲ್ಲವೇ ಎಂದು ನೋಡಿ. ಕಾಲಂ ಒಂದನ್ನು ಸೇರಿಸಬೇಕೆನಿಸಿದಾಗ ತಂಡವೇ ಸೇರಿಸಬಹುದೇ, ಇಲ್ಲವೇ ಬೇರೊಂದು ವಿಭಾಗದ ಅಡ್ಮಿನ್‌ಗೆ ವಿನಂತಿ ಕಳುಹಿಸಿ ಕಾಯಬೇಕೇ ಎಂಬುದನ್ನು ಖರೀದಿಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ನಾನಾದರೆ ಬೇರೆಲ್ಲ ಸೌಲಭ್ಯಕ್ಕಿಂತ ಇದಕ್ಕೇ ಹೆಚ್ಚಿನ ತೂಕ ಕೊಡುತ್ತೇನೆ. ತನ್ನ ಬೋರ್ಡನ್ನು ತಾನೇ ತಿದ್ದಲಾಗದ ತಂಡ ಅದನ್ನು ತನ್ನದೆಂದು ಭಾವಿಸುವುದಿಲ್ಲ, ಮೊದಲ ಪತ್ರದಲ್ಲಿದ್ದ ಆ 140 ಕಾರ್ಡ್‌ಗಳ ಸ್ಥಿತಿಗೆ ಬರಲು ಅದಕ್ಕೆ ಹೆಚ್ಚು ಕಾಲ ಬೇಕಾಗುವುದೂ ಇಲ್ಲ. ಹಾಗೆಯೇ ಎರಡನೆಯ ವಾರದ ಕೊನೆಗೆ ಎಲ್ಲ ಕಾರ್ಡ್‌ಗಳನ್ನೂ ಟಿಪ್ಪಣಿಗಳೊಂದಿಗೆ ಒಂದು ಫೈಲಿಗೆ ಹೊರತೆಗೆದು ನೋಡಿ. ಆ ಫೈಲನ್ನು ಬೇರೊಂದು ಕಡೆ ತೆರೆದು ಓದಲು ಆದರೆ ಮಾತ್ರ ಹಣ ಕಟ್ಟಿ.